ರಮೋನ್ಸ್‌ನ 'ಇಟ್ಸ್ ಅಲೈವ್': ಆ ರಾತ್ರಿ ಹಾಲ್‌ನಲ್ಲಿ ಕೂತವರಿಗೂ ಕೇಳಿಸದ ಸದ್ದು

ಲೈವ್ ಆಲ್ಬಮ್ ಅಂದರೆ ಏನು ಅಂತ ಯಾರನ್ನಾದರೂ ಕೇಳಿ ನೋಡಿ. ಬ್ಯಾಂಡ್ ವೇದಿಕೆ ಮೇಲೆ ನುಡಿಸಿತು, ಯಾರೋ ರೆಕಾರ್ಡ್ ಮಾಡಿಕೊಂಡರು, ಅದನ್ನೇ ಮಾರಿದರು, ಅಷ್ಟೇ ಅಲ್ವಾ ಅನ್ನುತ್ತಾರೆ. ಅಷ್ಟೇ ಆಗಿದ್ದರೆ ಒಳ್ಳೆಯ ಬ್ಯಾಂಡ್‌ಗಳ ಲೈವ್ ಆಲ್ಬಮ್‌ಗಳೆಲ್ಲ ಚೆನ್ನಾಗಿರಬೇಕಿತ್ತು. ಆದರೆ ಅರ್ಧಕ್ಕರ್ಧ ಕಲಸುಮೇಲೋಗರ. ಅದರಲ್ಲೂ ಪಂಕ್ ರಾಕ್‌ನಂಥ ವೇಗದ, ಗದ್ದಲದ ಸಂಗೀತವನ್ನು ದೊಡ್ಡ ಹಾಲ್‌ನಲ್ಲಿ ಟೇಪಿಗೆ ಹಿಡಿಯುವುದು ಭಾರಿ ತಲೆನೋವಿನ ಕೆಲಸ. ಯಾಕೆ ಅಂತ ತಿಳಿಯಬೇಕಾದರೆ ಒಂದು ನಿಜವಾದ ರೆಕಾರ್ಡಿಂಗ್ ಹಿಡಿದುಕೊಂಡು ಮಾತಾಡುವುದು ಒಳ್ಳೆಯದು. ನಾನು ಹಿಡಿದುಕೊಳ್ಳುವುದು ರಮೋನ್ಸ್ ಬ್ಯಾಂಡಿನ 'ಇಟ್ಸ್ ಅಲೈವ್'. ಲಂಡನ್ನಿನ ರೇನ್‌ಬೋ ಥಿಯೇಟರ್‌ನಲ್ಲಿ 1977ರ ಡಿಸೆಂಬರ್ 31ರ ರಾತ್ರಿ ರೆಕಾರ್ಡ್ ಆಗಿ, 1979ರಲ್ಲಿ ಎರಡು ಎಲ್‌ಪಿಗಳಾಗಿ (ದೊಡ್ಡ ಗ್ರಾಮಫೋನ್ ತಟ್ಟೆ) ಹೊರಬಂದದ್ದು. 28 ಹಾಡು, ಸುಮಾರು 54 ನಿಮಿಷ.

ಲೆಕ್ಕ ಹಾಕಿ. ಒಂದು ಹಾಡಿಗೆ ಎರಡು ನಿಮಿಷವೂ ಇಲ್ಲ. ಮಧ್ಯದ ಚಪ್ಪಾಳೆ, ಮಾತು ಎಲ್ಲ ಸೇರಿಸಿ!

ರಮೋನ್ಸ್ ಹೆಸರು ನಿಮಗೆ ಬಹುಶಃ ಟೀ ಶರ್ಟಿನಿಂದ ಗೊತ್ತಿರುತ್ತದೆ. ಹದ್ದಿನ ಚಿತ್ರ, ಸುತ್ತ ನಾಲ್ಕು ಹೆಸರು. ಅಮೆರಿಕದ ಅಧ್ಯಕ್ಷರ ಮುದ್ರೆಯನ್ನೇ ಸ್ವಲ್ಪ ತಿರುಚಿ, ಹದ್ದಿನ ಕಾಲಿಗೆ ಬೇಸ್‌ಬಾಲ್ ಬ್ಯಾಟ್ ಕೊಟ್ಟು ಆರ್ಟುರೊ ವೇಗಾ ಮಾಡಿದ ವಿನ್ಯಾಸ ಅದು. ಅದನ್ನು ಹಾಕಿಕೊಂಡು ಓಡಾಡುವವರಲ್ಲಿ ಎಷ್ಟು ಜನ ಒಂದು ಹಾಡಾದರೂ ಕೇಳಿದ್ದಾರೆ ಅಂತ ನಾನು ಕೇಳುವುದಿಲ್ಲ, ಸುಮ್ನೆ ಜಗಳ ಯಾಕೆ. ಬ್ಯಾಂಡ್ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಫಾರೆಸ್ಟ್ ಹಿಲ್ಸ್‌ನದು. ಜೋಯಿ ಹಾಡುಗಾರ, ಜಾನಿ ಗಿಟಾರ್, ಡೀ ಡೀ ಬೇಸ್ (ತಗ್ಗಿನ ಸ್ವರದ ಗಿಟಾರ್), ಟಾಮಿ ಡ್ರಮ್ಸ್. ಯಾರೂ ಅಣ್ಣತಮ್ಮಂದಿರಲ್ಲ, 'ರಮೋನ್' ಅನ್ನುವ ಮನೆಹೆಸರು ಎಲ್ಲರೂ ಬೇಕೆಂದೇ ಇಟ್ಟುಕೊಂಡದ್ದು. 1974ರ ಆಗಸ್ಟಿನಲ್ಲಿ ಸಿಬಿಜಿಬಿ ಅನ್ನುವ ಸಣ್ಣ ಕ್ಲಬ್ಬಿನಲ್ಲಿ ನುಡಿಸಲು ಶುರುಮಾಡಿದರು. 1976ರ ಮೊದಲ ಆಲ್ಬಮ್‌ನಲ್ಲಿ 14 ಹಾಡು, 29 ನಿಮಿಷ. ಖರ್ಚು ಸುಮಾರು 6,400 ಡಾಲರ್. ಆ ಕಾಲದ ದೊಡ್ಡ ಬ್ಯಾಂಡ್‌ಗಳ ಸ್ಟುಡಿಯೋ ಬಿಲ್ಲಿನ ಮುಂದೆ ಅದು ಏನೂ ಅಲ್ಲ.

ಇನ್ನು ರೇನ್‌ಬೋ. ಇದು ಉತ್ತರ ಲಂಡನ್ನಿನ ಫಿನ್ಸ್‌ಬರಿ ಪಾರ್ಕ್‌ನಲ್ಲಿ 1930ರಲ್ಲಿ ಶುರುವಾದ ದೊಡ್ಡ ಸಿನಿಮಾ ಮಂದಿರ, ಆಗ ಅದರ ಹೆಸರು ಅಸ್ಟೋರಿಯಾ. ಒಳಗೆ ಗೋಡೆಗಳ ಮೇಲೆ ಸ್ಪೇನ್ ದೇಶದ ಹಳ್ಳಿಯ ಮನೆಗಳ ಅಲಂಕಾರ. 1967ರಲ್ಲಿ ಜಿಮಿ ಹೆಂಡ್ರಿಕ್ಸ್ ಮೊದಲ ಬಾರಿ ವೇದಿಕೆ ಮೇಲೆ ಗಿಟಾರ್‌ಗೆ ಬೆಂಕಿ ಹಚ್ಚಿದ್ದು ಇಲ್ಲೇ. ಈಗ ಅದು ಪ್ರಾರ್ಥನಾ ಮಂದಿರ. ನಮಗೆ ಇಲ್ಲಿ ಬೇಕಾದ ವಿಷಯ ಒಂದೇ: ಕುರ್ಚಿಗಳಿರುವ, ಎತ್ತರದ ಚಾವಣಿಯ, ಸುಮಾರು ಮೂರು ಸಾವಿರ ಜನ ಹಿಡಿಸುವ ಸಭಾಂಗಣ ಅದು. ಸಿಬಿಜಿಬಿಯಂಥ ಕಿರಿದಾದ ಕ್ಲಬ್ಬಿಗೆ ಅಂತ ಹುಟ್ಟಿದ ಸಂಗೀತವನ್ನು ಅಲ್ಲಿ ನುಡಿಸಿದರೆ ಏನಾಗುತ್ತದೆ?

ಏನಾಗುತ್ತದೆ ಅಂದರೆ, ಸದ್ದು ಸದ್ದಿನ ಮೇಲೆ ಬೀಳುತ್ತದೆ. ಜಾನಿ ಗಿಟಾರ್ ನುಡಿಸುತ್ತಿದ್ದ ರೀತಿ ಮೊದಲು ನೋಡಿ. ಸಾಮಾನ್ಯವಾಗಿ ಗಿಟಾರ್‌ನವರು ಪ್ಲೆಕ್ಟ್ರಮ್ಮನ್ನು (ತಂತಿ ಮೀಟುವ ಸಣ್ಣ ಬಿಲ್ಲೆ) ಮೇಲೆ ಕೆಳಗೆ ಎರಡೂ ಕಡೆ ಓಡಿಸುತ್ತಾರೆ, ಅದು ಕೈಗೆ ಸುಲಭ. ಜಾನಿ ಬರೀ ಕೆಳಮುಖವಾಗಿ ಹೊಡೆಯುತ್ತಿದ್ದ. ಕೆಳಗೆ ಹೊಡೆದಾಗ ದಪ್ಪ ತಂತಿಗೆ ಮೊದಲು ಪೆಟ್ಟು ಬೀಳುತ್ತದೆ, ಮೇಲಕ್ಕೆ ಹೊಡೆದಾಗ ಸಣ್ಣ ತಂತಿಗೆ. ಹಾಗಾಗಿ ಮೇಲೆ ಕೆಳಗೆ ನುಡಿಸಿದರೆ ಒಂದು ಪೆಟ್ಟು ಭಾರ, ಒಂದು ಪೆಟ್ಟು ಹಗುರ. ಜಾನಿಯದು ಎಲ್ಲವೂ ಭಾರ. ಎಲ್ಲವೂ ಒಂದೇ ತೂಕ. ಒಂದು ಗಂಟೆ ಹೊತ್ತು ನಿಲ್ಲಿಸದೆ ಹಾಗೆ ಹೊಡೆಯುವುದಕ್ಕೆ ಮಣಿಕಟ್ಟು ಎಷ್ಟು ಗಟ್ಟಿ ಇರಬೇಕು ಅಂತ ಗಿಟಾರ್ ಹಿಡಿದವರಿಗೆ ಮಾತ್ರ ಗೊತ್ತು.

ಈಗ ಒಂದು ಸಣ್ಣ ಗಣಿತ. ನಿಮಿಷಕ್ಕೆ 180 ತಾಳಪೆಟ್ಟಿನ ಹಾಡು ಅಂದುಕೊಳ್ಳಿ. ಸೆಕೆಂಡಿಗೆ ಮೂರು ಪೆಟ್ಟು, ಒಂದೊಂದಕ್ಕೂ ಗಿಟಾರ್ ಎರಡು ಸಲ. ಅಂದರೆ ಸೆಕೆಂಡಿಗೆ ಆರು ಹೊಡೆತ. ದೊಡ್ಡ ಹಾಲ್‌ನಲ್ಲಿ ಒಂದು ಸದ್ದು ಗೋಡೆ, ಚಾವಣಿಗೆ ಬಡಿದು ಪೂರ್ತಿ ಆರುವುದಕ್ಕೆ ಒಂದೂವರೆ ಸೆಕೆಂಡ್ ಬೇಕಾಯಿತು ಅಂದರೂ, ಮೊದಲ ಹೊಡೆತ ಸಾಯುವುದರೊಳಗೆ ಇನ್ನೂ ಎಂಟೊಂಬತ್ತು ಹೊಡೆತ ಬಂದು ಅದರ ಮೇಲೆ ಕೂತಿರುತ್ತವೆ. ನಿಧಾನದ ಹಾಡಿಗೆ ಇದೇ ಪ್ರತಿಧ್ವನಿ ಒಂದು ಗಾಂಭೀರ್ಯ ಕೊಡುತ್ತದೆ. ವೇಗದ ಹಾಡಿಗೆ ಕೊಡುವುದು ಬರೀ ಗೊಂಯ್ ಅನ್ನುವ ಸದ್ದು. ನಮ್ಮೂರ ಜಾತ್ರೆಯ ಆರ್ಕೆಸ್ಟ್ರಾವನ್ನು ದೂರದಿಂದ ಫೋನಿನಲ್ಲಿ ರೆಕಾರ್ಡ್ ಮಾಡಿ ಮನೆಗೆ ಬಂದು ಕೇಳಿದರೆ ಡೋಲು, ಕೀಬೋರ್ಡ್, ಹಾಡು ಎಲ್ಲ ಒಂದೇ ಮುದ್ದೆಯಾಗಿರುತ್ತಲ್ಲ, ಹಾಗೆ.

ಕೂತು ಕೇಳುವವನಿಗೆ ಇದು ಅಷ್ಟು ತೊಂದರೆ ಅನ್ನಿಸುವುದಿಲ್ಲ. ಕಣ್ಣಿಗೆ ಡ್ರಮ್ಮರ್‌ನ ಕೈ ಕಾಣುತ್ತದೆ, ಎದೆಗೆ ಬೇಸ್ ಗುದ್ದುತ್ತದೆ, ಹಾಡು ಮೊದಲೇ ಗೊತ್ತಿರುತ್ತದೆ, ಉಳಿದದ್ದನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ಮೈಕ್‌ಗೆ ಕಣ್ಣೂ ಇಲ್ಲ, ಎದೆಯೂ ಇಲ್ಲ.

ಹಾಗಾದರೆ ಹಾಲ್‌ನ ಸದ್ದನ್ನು ಬಿಟ್ಟು ಪ್ರತಿಯೊಂದು ವಾದ್ಯದ ಮೂತಿಗೇ ಮೈಕ್ ಇಡಬೇಕು. ಗಿಟಾರ್ ಸ್ಪೀಕರಿನ ಬಟ್ಟೆಗೆ ತಾಗಿದಂತೆ ಒಂದು, ಬೇಸ್‌ಗೆ ಒಂದು, ಡ್ರಮ್ಸ್‌ಗೆ ಹಲವು, ಬಾಯಿಗೆ ಒಂದು. ಈ ಮೈಕ್‌ಗಳು ಹೇಗೂ ಹಾಲ್‌ನ ದೊಡ್ಡ ಸ್ಪೀಕರ್‌ಗಳಿಗಾಗಿ ಅಲ್ಲಿ ಇರುತ್ತವೆ. ಹಾಗಿದ್ದ ಮೇಲೆ ಸೌಂಡ್‌ನವನ ಮಿಕ್ಸರಿನಿಂದ (ಎಲ್ಲ ಮೈಕ್‌ಗಳ ಸದ್ದನ್ನು ಹೆಚ್ಚುಕಡಿಮೆ ಮಾಡಿ ಬೆರೆಸುವ ಯಂತ್ರ) ನೇರವಾಗಿ ಒಂದು ವೈರ್ ಎಳೆದು ರೆಕಾರ್ಡ್ ಮಾಡಿಕೊಂಡರೆ ಮುಗಿಯಿತಲ್ಲ ಅಂತ ಕೇಳಬಹುದು. ತುಂಬ ಜನ ಹಾಗೆಯೇ ಮಾಡುತ್ತಾರೆ. ಕೇಳಿದರೆ ವಿಚಿತ್ರವಾಗಿರುತ್ತದೆ: ಹಾಡುಗಾರನ ಗಂಟಲು ಕಿವಿಯೊಳಗೇ ಇದ್ದಂತೆ ಜೋರು, ಗಿಟಾರ್ ಎಲ್ಲೋ ಪಕ್ಕದ ಬೀದಿಯಲ್ಲಿ. ಕಾರಣ ಸರಳ. ಗಿಟಾರ್‌ನ ಆಂಪ್ಲಿಫೈಯರ್ ವೇದಿಕೆ ಮೇಲೇ ಕಿವಿ ಹರಿಯುವಷ್ಟು ಜೋರಾಗಿರುತ್ತದೆ, ಜಾನಿಯ ಬೆನ್ನ ಹಿಂದಿದ್ದದ್ದು ಮಾರ್ಷಲ್ ಆಂಪ್‌ಗಳು. ಅದು ತಾನಾಗಿಯೇ ಹಾಲ್ ತುಂಬುವುದರಿಂದ ಸೌಂಡ್‌ನವನು ಮಿಕ್ಸರಿನಲ್ಲಿ ಗಿಟಾರನ್ನು ಕಡಿಮೆ ಇಡುತ್ತಾನೆ. ಹಾಡುಗಾರನಿಗೆ ಆಂಪ್ ಇಲ್ಲ, ಅವನ ದನಿ ಬರುವುದೇ ದೊಡ್ಡ ಸ್ಪೀಕರ್‌ನಿಂದ, ಅದಕ್ಕೆ ಅದನ್ನು ಜಾಸ್ತಿ ಇಡುತ್ತಾನೆ. ಮಿಕ್ಸರಿನಲ್ಲಿರುವುದು ಹಾಲ್‌ಗೆ ಎಷ್ಟು ಕಡಿಮೆ ಬಿತ್ತೋ ಅಷ್ಟರ ಲೆಕ್ಕ ಮಾತ್ರ, ಪೂರ್ತಿ ಸಂಗೀತ ಅಲ್ಲಿ ಇರುವುದೇ ಇಲ್ಲ.

ಇದಕ್ಕೆ ಆ ಕಾಲದವರು ಕಂಡುಕೊಂಡ ಪರಿಹಾರ ಲಾರಿ. ನಿಜವಾದ ಲಾರಿಯೇ. ಒಳಗೆ ಒಂದು ಪೂರ್ತಿ ಸ್ಟುಡಿಯೋ ಕೂರಿಸಿ ಥಿಯೇಟರಿನ ಹಿಂದೆ ನಿಲ್ಲಿಸುತ್ತಿದ್ದರು. ವೇದಿಕೆ ಮೇಲಿನ ಪ್ರತಿ ಮೈಕಿನ ವೈರ್ ಒಂದು ಸ್ಪ್ಲಿಟರ್ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿಂದ ಒಂದು ಕವಲು ಹಾಲ್‌ನ ಸೌಂಡ್‌ನವನಿಗೆ, ಇನ್ನೊಂದು ಕವಲು ಲಾರಿಗೆ. ಲಾರಿಯಲ್ಲಿ ಎರಡು ಇಂಚು ಅಗಲದ ಟೇಪು, ಅದರ ಮೇಲೆ 24 ಪಟ್ಟಿಗಳು, ಒಂದೊಂದು ಪಟ್ಟಿಯಲ್ಲಿ ಒಂದೊಂದು ಮೈಕಿನ ಸದ್ದು ಬೇರೆ ಬೇರೆಯಾಗಿ. ಯಾವುದು ಜೋರು, ಯಾವುದು ಮೆಲ್ಲಗೆ ಅನ್ನುವ ತೀರ್ಮಾನ ಆ ರಾತ್ರಿ ಮಾಡಬೇಕಿಲ್ಲ. ತಿಂಗಳುಗಳ ಮೇಲೆ, ಶಾಂತವಾದ ಕೋಣೆಯಲ್ಲಿ, ಚಹಾ ಕುಡಿಯುತ್ತ ಮಾಡಬಹುದು.

ಟೇಪಿಗೂ ಒಂದು ಮಿತಿ ಇದೆ. 2,500 ಅಡಿಯ ರೀಲನ್ನು ಸೆಕೆಂಡಿಗೆ 30 ಇಂಚಿನ ವೇಗದಲ್ಲಿ ಓಡಿಸಿದರೆ 16 ನಿಮಿಷಕ್ಕೆ ಖಾಲಿ. 15 ಇಂಚಿನ ವೇಗದಲ್ಲಾದರೆ 33 ನಿಮಿಷ. ಬೇರೆ ಬ್ಯಾಂಡ್‌ಗಳು ಹಾಡಿನ ಮಧ್ಯೆ ಮಾತಾಡುತ್ತಾರೆ, ಗಿಟಾರ್ ಶ್ರುತಿ ಮಾಡಿಕೊಳ್ಳುತ್ತಾರೆ, ನೀರು ಕುಡಿಯುತ್ತಾರೆ, ಅಷ್ಟರಲ್ಲಿ ರೀಲು ಬದಲಾಯಿಸಬಹುದು. ರಮೋನ್ಸ್ ಹಾಗಲ್ಲ. ಒಂದು ಹಾಡಿನ ಕೊನೆಯ ಪೆಟ್ಟು ಇನ್ನೂ ಗಾಳಿಯಲ್ಲಿರುವಾಗಲೇ ಡೀ ಡೀ "ಒನ್ ಟೂ ತ್ರೀ ಫೋರ್" ಅಂತ ಕಿರುಚುತ್ತಾನೆ, ಮುಂದಿನದು ಶುರು. (ಅವನ ಆ ಎಣಿಕೆಗೂ ಆಮೇಲೆ ಬರುವ ಹಾಡಿನ ವೇಗಕ್ಕೂ ಬಹಳ ಸಲ ಸಂಬಂಧವೇ ಇರುವುದಿಲ್ಲ, ಕೇಳಿ ನೋಡಿ.) ಇಂಥ ಕಡೆ ಒಂದೇ ಯಂತ್ರ ನಂಬಿಕೊಂಡರೆ ಹಾಡಿನ ನಡುವೆಯೇ ಟೇಪ್ ಮುಗಿಯುತ್ತದೆ. ಎರಡು ಯಂತ್ರ ಇಟ್ಟುಕೊಂಡು, ಮೊದಲನೆಯದು ಮುಗಿಯುವ ಮುಂಚೆಯೇ ಎರಡನೆಯದನ್ನು ಓಡಿಸುವುದು ಇಂಥ ಕೆಲಸದ ರೂಢಿ.

ಬೇರೆ ಬೇರೆ ಪಟ್ಟಿ ಅಂದೆ, ಆದರೆ ಅವು ನಿಜವಾಗಿ ಬೇರೆಯಲ್ಲ. ಹಾಡುಗಾರ ಜನರ ಕಡೆ ಮುಖ ಮಾಡಿರುತ್ತಾನೆ. ಅಂದರೆ ಅವನ ಮೈಕ್ ಯಾವ ಕಡೆ ಮುಖ ಮಾಡಿರುತ್ತದೆ? ಅವನ ಬಾಯಿಯ ಕಡೆ, ಬಾಯಿಯ ಹಿಂದೆ ನೇರ ಡ್ರಮ್ಸ್. ಜೋಯಿ ಬಾಯಿ ಮುಚ್ಚಿದ ಪ್ರತಿ ಕ್ಷಣವೂ ಅವನ ಮೈಕಿನ ತುಂಬ ಟಾಮಿಯ ಸಿಂಬಲ್ (ಡ್ರಮ್ಸ್ ಜೊತೆಗಿರುವ ಲೋಹದ ತಟ್ಟೆ). ಆಮೇಲೆ ಮಿಕ್ಸ್ ಮಾಡುವಾಗ ಜೋಯಿಯ ದನಿ ಏರಿಸಿದರೆ ಸಿಂಬಲ್ ಕೂಡ ಏರುತ್ತದೆ, ಗಿಟಾರ್ ಕೂಡ ಸ್ವಲ್ಪ ಏರುತ್ತದೆ. ಇದನ್ನು ಬ್ಲೀಡ್ ಅನ್ನುತ್ತಾರೆ. ಇದನ್ನು ತೆಗೆದುಹಾಕುವುದಕ್ಕೆ ಆಗುವುದಿಲ್ಲ, ಇದರ ಜೊತೆ ಹೊಂದಿಕೊಂಡು ಹೋಗಬೇಕು. ನನ್ನ ಪ್ರಕಾರ ಲೈವ್ ಆಲ್ಬಮ್‌ಗೆ ಲೈವ್ ಅನ್ನುವ ಗುಣ ಬರುವುದೇ ಅರ್ಧ ಇದರಿಂದ.

ಇಲ್ಲಿ ರಮೋನ್ಸ್‌ಗೆ ಒಂದು ಅನುಕೂಲ ಇತ್ತು, ಅದನ್ನು ಬಹಳ ಜನ ಗಮನಿಸುವುದಿಲ್ಲ. ಡ್ರಮ್ಸ್ ನುಡಿಸುತ್ತಿದ್ದ ಟಾಮಿ ಮೂಲತಃ ಡ್ರಮ್ಮರೇ ಅಲ್ಲ. ಬುಡಾಪೆಸ್ಟ್‌ನಲ್ಲಿ ಹುಟ್ಟಿ ಚಿಕ್ಕವನಾಗಿದ್ದಾಗಲೇ ಅಮೆರಿಕಕ್ಕೆ ಬಂದು, ನ್ಯೂಯಾರ್ಕಿನ ರೆಕಾರ್ಡ್ ಪ್ಲಾಂಟ್ ಸ್ಟುಡಿಯೋದಲ್ಲಿ ಕೆಲಸ ಕಲಿತಿದ್ದ. ಬ್ಯಾಂಡಿನ ಆಲ್ಬಮ್‌ಗಳ ತಯಾರಿಕೆಯಲ್ಲಿ ಅವನ ಕೈ ಇತ್ತು, 'ಇಟ್ಸ್ ಅಲೈವ್' ತಯಾರಿಸಿದ್ದೂ ಅವನೇ, ರೆಕಾರ್ಡಿಂಗ್ ಎಂಜಿನಿಯರ್ ಎಡ್ ಸ್ಟೇಸಿಯಮ್ ಜೊತೆ ಸೇರಿ. ಅವನ ಡ್ರಮ್ಸ್ ಕೇಳಿ: ದೊಡ್ಡ ದೊಡ್ಡ ಉರುಳಿಕೆ ಇಲ್ಲ, ಅಲಂಕಾರ ಇಲ್ಲ, ಗಡಿಯಾರದಂಥ ಒಂದೇ ಓಟ. ಟೇಪಿನ ಮೇಲೆ ಇದು ಹೇಗೆ ಕೂರುತ್ತದೆ ಅಂತ ಗೊತ್ತಿದ್ದವನು ಮಾತ್ರ ಹೀಗೆ ನುಡಿಸುತ್ತಾನೆ. ಗಿಟಾರ್‌ನಲ್ಲಿ ಸೋಲೋ (ಒಂಟಿಯಾಗಿ ನುಡಿಸಿ ತೋರಿಸುವುದು) ಇಲ್ಲ, ಬೇಸ್ ಕೂಡ ಗಿಟಾರಿನ ಜೊತೆಗೇ ಅದೇ ಪೆಟ್ಟು ಹೊಡೆಯುತ್ತದೆ, ಎರಡೂ ಸೇರಿ ಒಂದು ಗೋಡೆ. ಆ ಗೋಡೆಯಲ್ಲಿ ಹೊಡೆತ ಯಾವುದು, ನಡುವಿನ ಸಂದು ಯಾವುದು ಅಂತ ಕಿವಿಗೆ ಗುರುತು ಸಿಗುವುದು ಡ್ರಮ್ಸ್‌ನಿಂದ ಮಾತ್ರ. ಅದಕ್ಕೇ ಈ ರೆಕಾರ್ಡಿನಲ್ಲಿ ಡ್ರಮ್ಸ್ ಒಣದಾಗಿ, ಹತ್ತಿರದಲ್ಲಿ, ಸ್ಪಷ್ಟವಾಗಿ ಇದೆ. ಅಷ್ಟು ದೊಡ್ಡ ಹಾಲ್‌ನಲ್ಲಿ ರೆಕಾರ್ಡ್ ಆದದ್ದು ಅಂತ ಡ್ರಮ್ಸ್ ಕೇಳಿದರೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ಹಾಲ್ ಎಲ್ಲಿ ಹೋಯಿತು? ಜನ ಎಲ್ಲಿ ಹೋದರು? ಅವರಿಗೆ ಬೇರೆ ಮೈಕ್. ಸಭೆಯ ಕಡೆಗೆ ತಿರುಗಿಸಿ ಇಟ್ಟ ಮೈಕ್‌ಗಳು ಕೂಗು, ಚಪ್ಪಾಳೆ, ಚಾವಣಿಯ ಪ್ರತಿಧ್ವನಿ ಹಿಡಿಯುತ್ತವೆ. ಅವನ್ನು ಎಷ್ಟು ಬೆರೆಸಬೇಕು ಅನ್ನುವುದರಲ್ಲೇ ಎಲ್ಲ ಜಾಣ್ಮೆ. ವೇದಿಕೆಯಿಂದ 20 ಮೀಟರ್ ದೂರದ ಮೈಕ್‌ಗೆ ಸದ್ದು ತಲುಪುವುದು ಸೆಕೆಂಡಿನ ಹದಿನೇಳನೇ ಒಂದು ಭಾಗದಷ್ಟು ತಡವಾಗಿ. ಕಡಿಮೆ ಅನ್ನಿಸಿದರೂ ಸೆಕೆಂಡಿಗೆ ಆರು ಹೊಡೆತದ ಸಂಗೀತದಲ್ಲಿ ಅದು ಒಂದು ಹೊಡೆತದ ಮೂರನೇ ಒಂದು ಭಾಗ. ಜಾಸ್ತಿ ಬೆರೆಸಿದರೆ ಡ್ರಮ್ಸ್ ಎರಡೆರಡು ಕೇಳಿಸುತ್ತದೆ, ತೀರಾ ಕಡಿಮೆ ಬೆರೆಸಿದರೆ ಖಾಲಿ ಕೋಣೆಯಲ್ಲಿ ನುಡಿಸಿದಂತೆ ಇರುತ್ತದೆ. ಸಾಮಾನ್ಯವಾಗಿ ಮಾಡುವ ಉಪಾಯ ಏನೆಂದರೆ ಹಾಡು ನಡೆಯುವಾಗ ಜನರನ್ನು ತಗ್ಗಿಸಿ, ಹಾಡು ಮುಗಿದ ತಕ್ಷಣ ಏರಿಸುವುದು. ನಿಜವಾದ ಹಾಲ್‌ನಲ್ಲಿ ಜನ ಹೀಗೆ ಏರಿ ಇಳಿಯುವುದಿಲ್ಲ.

ಈಗ ಒಟ್ಟು ಸೇರಿಸಿ ನೋಡಿ. ಗಿಟಾರ್ ಸ್ಪೀಕರಿಗೆ ಒಂದಂಗುಲ ದೂರದಲ್ಲಿ ಒಂದು ಕಿವಿ, ಡ್ರಮ್ಸ್ ಒಳಗೆ ಒಂದು ಕಿವಿ, ಜೋಯಿಯ ಬಾಯಿಗೆ ಒಂದು ಕಿವಿ, ಸಭೆಯ ನೆತ್ತಿಯ ಮೇಲೆ ಇನ್ನೊಂದು. ಇಂಥ ಸದ್ದು ರೇನ್‌ಬೋದ ಯಾವ ಕುರ್ಚಿಯಲ್ಲೂ ಕೇಳಿಸಿರಲಿಲ್ಲ. ಮೊದಲ ಸಾಲಿನವನಿಗೆ ಬರೀ ಗಿಟಾರ್, ಬಾಲ್ಕನಿಯವನಿಗೆ ಬರೀ ಗೊಂಯ್. ನಾವು ಕೇಳುವ ರೇನ್‌ಬೋ ಮಿಕ್ಸಿಂಗ್ ಕೋಣೆಯಲ್ಲಿ ಕಟ್ಟಿದ್ದು. ಸುಳ್ಳು ಅಂತ ಹೇಳುತ್ತಿಲ್ಲ. ನುಡಿಸಿದ್ದು ಆ ರಾತ್ರಿಯದು, ಕೇಳುವ ಜಾಗ ಮಾತ್ರ ಆಮೇಲೆ ಹುಟ್ಟಿದ್ದು.

ಸುಳ್ಳಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡೋಣ. ಎಪ್ಪತ್ತರ ದಶಕದ ಹೆಸರಾಂತ ಲೈವ್ ಆಲ್ಬಮ್‌ಗಳಲ್ಲಿ ಹಲವನ್ನು ಸ್ಟುಡಿಯೋಗೆ ತಂದು ತಿದ್ದಿದ್ದಾರೆ. ತಪ್ಪಿದ ಗಿಟಾರ್ ಮತ್ತೆ ನುಡಿಸುವುದು, ಶ್ರುತಿ ಬಿಟ್ಟ ದನಿಯನ್ನು ಮತ್ತೆ ಹಾಡುವುದು. ಕಿಸ್ ಬ್ಯಾಂಡಿನ 1975ರ 'ಅಲೈವ್!' ಹಾಗೆ ತಿದ್ದಿದ್ದು ಅಂತ ಅದರಲ್ಲಿ ಕೆಲಸ ಮಾಡಿದವರೇ ಆಮೇಲೆ ಒಪ್ಪಿಕೊಂಡಿದ್ದಾರೆ. ಥಿನ್ ಲಿಜ್ಜಿಯ 1978ರ 'ಲೈವ್ ಆಂಡ್ ಡೇಂಜರಸ್' ಬಗ್ಗೆ ನಿರ್ಮಾಪಕ ಟೋನಿ ವಿಸ್ಕಾಂಟಿ ಮುಕ್ಕಾಲು ಪಾಲು ಮರುರೆಕಾರ್ಡಿಂಗ್ ಅಂದರು, ಬ್ಯಾಂಡ್‌ನವರು ಅಷ್ಟೊಂದು ಇಲ್ಲವೇ ಇಲ್ಲ ಅಂದರು. ಆ ಜಗಳ ಇನ್ನೂ ಮುಗಿದಿಲ್ಲ. ಬ್ಲೀಡ್ ಇಲ್ಲಿ ಪತ್ತೇದಾರನ ಕೆಲಸ ಮಾಡುತ್ತದೆ: ಗಿಟಾರ್ ಪಟ್ಟಿಯಲ್ಲಿ ಹೊಸದಾಗಿ ನುಡಿಸಿದರೂ, ಹಾಡುಗಾರನ ಮೈಕಿನಲ್ಲಿ, ಡ್ರಮ್ಸ್ ಮೈಕಿನಲ್ಲಿ ಹಳೆಯ ಗಿಟಾರ್ ಸೋರಿಕೊಂಡು ಕೂತಿರುತ್ತದೆ. ಎರಡೂ ಸ್ವಲ್ಪ ಹಿಂದೆಮುಂದೆ ಆದರೆ ಒಳ್ಳೆಯ ಹೆಡ್‌ಫೋನ್‌ನಲ್ಲಿ ಭೂತದಂತೆ ಕೇಳಿಸುತ್ತದೆ.

ತಪ್ಪು ತಿದ್ದುವುದಕ್ಕೆ ಇನ್ನೊಂದು ಪ್ರಾಮಾಣಿಕ ದಾರಿ ಇದೆ, ಒಂದಕ್ಕಿಂತ ಜಾಸ್ತಿ ರಾತ್ರಿ ರೆಕಾರ್ಡ್ ಮಾಡುವುದು. ಆ ಬ್ರಿಟನ್ ಪ್ರವಾಸದಲ್ಲಿ ಡಿಸೆಂಬರ್ 28ಕ್ಕೆ ಬರ್ಮಿಂಗ್‌ಹ್ಯಾಮ್, 29ಕ್ಕೆ ಸ್ಟೋಕ್, 30ಕ್ಕೆ ಐಲ್ಸ್‌ಬರಿ, 31ಕ್ಕೆ ಲಂಡನ್, ನಾಲ್ಕೂ ರೆಕಾರ್ಡ್ ಆದವು. ಆರಿಸಿದ್ದು ಕೊನೆಯದನ್ನು. ಕಾರ್ಯಕ್ರಮ ಮುಗಿದ ಮೇಲೆ ಜನ ಹತ್ತು ಸಾಲು ಕುರ್ಚಿ ಕಿತ್ತು ವೇದಿಕೆಯತ್ತ ಎಸೆದರು, ಅದಕ್ಕೇ ಆ ರಾತ್ರಿ ಆರಿಸಿದರು ಅನ್ನುವುದು ಪ್ರಸಿದ್ಧ ಕತೆ. ಅದೇ ವರ್ಷ ಮೇ ತಿಂಗಳಲ್ಲಿ ದಿ ಕ್ಲಾಶ್ ಅನ್ನುವ ಪಂಕ್ ಬ್ಯಾಂಡ್ ನುಡಿಸಿದಾಗಲೂ ಇಲ್ಲಿ ಕುರ್ಚಿಗಳು ಮುರಿದಿದ್ದವು. ಪಾಪ, ರೇನ್‌ಬೋದ ಬಡಗಿಗೆ ಆ ವರ್ಷ ಕೈತುಂಬ ಕೆಲಸ.

ಇನ್ನು ಎರಡು ಎಲ್‌ಪಿ ಯಾಕೆ? 54 ನಿಮಿಷವನ್ನು ಹಿಂಡಿ ಒಂದೇ ಎಲ್‌ಪಿಗೆ ಹಾಕಬಹುದಿತ್ತಲ್ಲ. ಆಗ ಒಂದು ಮಗ್ಗುಲಿಗೆ 27 ನಿಮಿಷ ಬರುತ್ತದೆ. ಎಲ್‌ಪಿಯಲ್ಲಿ ಸದ್ದು ಅಂದರೆ ಸುರುಳಿ ಗೀರು, ಸದ್ದು ಜೋರಾದಷ್ಟೂ ಗೀರು ಅಕ್ಕಪಕ್ಕಕ್ಕೆ ಜಾಸ್ತಿ ಓಲಾಡುತ್ತದೆ, ಜಾಗ ಜಾಸ್ತಿ ಬೇಕು. 27 ನಿಮಿಷ ತುರುಕಿದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಸದ್ದು ತಗ್ಗಿಸಬೇಕು, ತಗ್ಗಿನ ಸ್ವರಗಳನ್ನು ಕತ್ತರಿಸಬೇಕು. ನಾಲ್ಕು ಮಗ್ಗುಲಿಗೆ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ನಿಮಿಷ, ಜೋರಾಗಿ ಕೊರೆಯುವುದಕ್ಕೆ ಧಾರಾಳ ಜಾಗ. ಪಂಕ್ ರೆಕಾರ್ಡಿಗೆ ಬೇಕಾದ್ದೇ ಅದು.

ಇದರಲ್ಲಿ ಒಂದು ತಮಾಷೆಯೂ ಇದೆ. ಆಗ ಎರಡು ಎಲ್‌ಪಿಯ ಲೈವ್ ಆಲ್ಬಮ್ ಅಂದರೆ ದೊಡ್ಡ ರಾಕ್ ಬ್ಯಾಂಡ್‌ಗಳ ದರ್ಬಾರು. 1976ರಲ್ಲಿ ಲೆಡ್ ಜೆಪಲಿನ್ ಹೊರತಂದ ಲೈವ್ ಆಲ್ಬಮ್‌ನಲ್ಲಿ ಒಂದೇ ಹಾಡು 26 ನಿಮಿಷ ದಾಟಿ ಒಂದು ಪೂರ್ತಿ ಮಗ್ಗುಲು ತಿಂದಿತ್ತು. ಪಂಕ್ ಹುಟ್ಟಿದ್ದೇ ಇಂಥ ಉದ್ದುದ್ದ ಸೋಲೋಗಳ ಮೇಲಿನ ಸಿಟ್ಟಿನಿಂದ. ರಮೋನ್ಸ್ ಅದೇ ದರ್ಬಾರಿಗೆ ಹೋಗಿ, ಅದೇ ಎರಡು ಎಲ್‌ಪಿ ತೆಗೆದುಕೊಂಡು, ಮಗ್ಗುಲಿಗೆ ಏಳೇಳು ಹಾಡು ಹಾಕಿದರು. ಅಮೆರಿಕದಲ್ಲಿ ಮಾತ್ರ ಇದು ಆಗ ಬಿಡುಗಡೆಯೇ ಆಗಲಿಲ್ಲ, 1995ರವರೆಗೂ. ಮೂರನೇ ಆಲ್ಬಮ್ 'ರಾಕೆಟ್ ಟು ರಷ್ಯಾ' ಅಲ್ಲಿನ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ 49ನೇ ಸ್ಥಾನದಲ್ಲಿ ನಿಂತಿತ್ತು, ಇವರ ಸಂಗೀತಕ್ಕೆ ಸ್ವಂತ ಊರಿಗಿಂತ ಲಂಡನ್ನಿನಲ್ಲೇ ಜಾಸ್ತಿ ಕಿವಿಗಳಿದ್ದವು.

ಇದಕ್ಕೆ ಪೂರ್ತಿ ವಿರುದ್ಧ ದಾರಿಯಲ್ಲಿ ಹೋದ ರೆಕಾರ್ಡ್ ಒಂದಿದೆ. 1977ರ ಆರಂಭದಲ್ಲಿ ಲಂಡನ್ನಿನ ರಾಕ್ಸಿ ಕ್ಲಬ್ಬಿನಲ್ಲಿ ಹಲವು ಪಂಕ್ ಬ್ಯಾಂಡ್‌ಗಳನ್ನು ರೆಕಾರ್ಡ್ ಮಾಡಿದ ನಿರ್ಮಾಪಕ ಮೈಕ್ ಥಾರ್ನ್ ಅವರ ತಂಡ ಶೌಚಾಲಯದಲ್ಲೂ ಮೈಕ್ ಇಟ್ಟು, ಹಾಡುಗಳ ಮಧ್ಯೆ ಜನರ ಹರಟೆಯನ್ನೇ ಸೇರಿಸಿತು. ಅದರಲ್ಲಿ ನುಡಿಸಾಣಿಕೆ ಎಷ್ಟೋ ಕಡೆ ಎಡವುತ್ತದೆ, ಆದರೆ ಆ ಕ್ಲಬ್ಬಿನ ಬೆವರು, ಜಗಳ, ಬಾಟಲಿ ಸದ್ದು ಎಲ್ಲ ಇದೆ. 'ಇಟ್ಸ್ ಅಲೈವ್'ನಲ್ಲಿ ಜಾಗದ ವಾಸನೆ ಕಡಿಮೆ, ಬ್ಯಾಂಡಿನ ಓಟ ಜಾಸ್ತಿ. ದಾಖಲೆ ಬೇಕಾದವರು ರಾಕ್ಸಿಯದನ್ನು ಕೇಳಿ, ನನಗೆ ಮತ್ತೆ ಮತ್ತೆ ಹಾಕಬೇಕು ಅನ್ನಿಸುವುದು ರಮೋನ್ಸ್‌ನದು.

ಎಷ್ಟೇ ಚೆನ್ನಾಗಿ ರೆಕಾರ್ಡ್ ಮಾಡಿದರೂ ಕೆಲವು ಸಂಗತಿ ಟೇಪಿಗೆ ಸಿಗುವುದಿಲ್ಲ. ಒಂದು ಹಾಡಿನಲ್ಲಿ 'ಗ್ಯಾಬಾ ಗ್ಯಾಬಾ ಹೇ' ಅಂತ ಬರೆದ ಬೋರ್ಡನ್ನು ವೇದಿಕೆ ಮೇಲೆ ಎತ್ತಿ ಹಿಡಿಯುವುದು ಅವರ ಪದ್ಧತಿ. ರೆಕಾರ್ಡಿನಲ್ಲಿ ಬೋರ್ಡ್ ಕಾಣುವುದಿಲ್ಲ, ಜನ ಕೂಗುವುದು ಮಾತ್ರ ಗೊತ್ತಾಗುತ್ತದೆ. ಆ ರಾತ್ರಿಯ ಸ್ವಲ್ಪ ಭಾಗ ಚಿತ್ರೀಕರಣವೂ ಆಗಿದೆ, ಸಿಕ್ಕರೆ ನೋಡಿ, ನಾಲ್ವರೂ ಎಷ್ಟು ಕಡಿಮೆ ಅಲ್ಲಾಡುತ್ತಾರೆ ಅನ್ನುವುದು ಆಶ್ಚರ್ಯ. ಕಾಲಗಲಿಸಿ ನಿಂತು ಹೊಡೆಯುವುದೇ ಕೆಲಸ.

ಕೇಳಲು ಶುರುಮಾಡುವವರಿಗೆ ಒಂದು ದಾರಿ ಹೇಳುತ್ತೇನೆ. ಮೊದಲು 1976ರ ಸ್ಟುಡಿಯೋ ಆಲ್ಬಮ್ ಹೆಡ್‌ಫೋನ್‌ನಲ್ಲಿ ಕೇಳಿ. ಅದರಲ್ಲಿ ಬೇಸ್ ಎಡಗಿವಿಗೆ, ಗಿಟಾರ್ ಬಲಗಿವಿಗೆ ಬೇರೆ ಬೇರೆ ಇಟ್ಟಿದ್ದಾರೆ, ಯಾರು ಏನು ನುಡಿಸುತ್ತಾರೆ ಅಂತ ಬಿಡಿಸಿ ತಿಳಿಯುತ್ತದೆ. ಆಮೇಲೆ ಅದೇ ಹಾಡುಗಳನ್ನು 'ಇಟ್ಸ್ ಅಲೈವ್'ನಲ್ಲಿ ಕೇಳಿ, ವೇಗ ಏರಿರುವುದು ತಕ್ಷಣ ಗೊತ್ತಾಗುತ್ತದೆ. 2019ರಲ್ಲಿ ಬಂದ 40ನೇ ವರ್ಷದ ಆವೃತ್ತಿಯಲ್ಲಿ ನಾಲ್ಕೂ ರಾತ್ರಿಗಳಿವೆ. ಒಂದೇ ಹಾಡನ್ನು ನಾಲ್ಕು ಊರಿನಲ್ಲಿ ಕೇಳಿದರೆ ಯಾವ ಭಾಗ ಬ್ಯಾಂಡಿನದು, ಯಾವ ಭಾಗ ಆ ರಾತ್ರಿಯದು ಅಂತ ನಿಮ್ಮ ಕಿವಿಯೇ ಬಿಡಿಸಿ ಹೇಳುತ್ತದೆ. ಟಾಮಿ 1978ರಲ್ಲಿ ಪ್ರವಾಸ ಸಾಕಾಗಿ ಡ್ರಮ್ಸ್ ಬಿಟ್ಟ, ಮಾರ್ಕಿ ಬಂದ. ಬ್ಯಾಂಡ್ 1996ರ ಆಗಸ್ಟಿನವರೆಗೆ 2,263 ಕಾರ್ಯಕ್ರಮ ಕೊಟ್ಟಿತು. 1991ರ 'ಲೋಕೋ ಲೈವ್' ಇನ್ನೂ ವೇಗ, ಅದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಅಲ್ಲಿ ಹಾಡುಗಳು ಒಂದನ್ನೊಂದು ತಳ್ಳಿಕೊಂಡು ಹೋಗುತ್ತವೆ, ಜೋಯಿಗೆ ಪದಗಳನ್ನು ಬಾಯಿಂದ ಹೊರಗೆ ಹಾಕುವುದಕ್ಕೇ ಪುರುಸೊತ್ತಿಲ್ಲ.